ನಾಲ್ಕನೇ ಜ್ವರದ ರಾತ್ರಿ: ಶಿಡ್ಲಘಟ್ಟ ತಾಲೂಕಿನ ಒಬ್ಬ ರೇಷ್ಮೆ ರೈತ ಅಪ್ಪನಾದ ಪ್ರಕರಣ

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳು ಒಟ್ಟು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಮಾತ್ರ ಏಳೆಂಟು ದಿನ ಎಷ್ಟು ಸೊಪ್ಪು ಹಾಕಿದರೂ ಸಾಲದು. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಆಗ ಮನೆಯ ಗಂಡಸು ಹುಳುಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ. ಈ ಪ್ರಕರಣದಲ್ಲಿ ಆ ದಿನಗಳೂ ಹೆಂಡತಿಯ ಹೆರಿಗೆಯ ದಿನಗಳೂ ಒಂದರ ಮೇಲೊಂದು ಬಂದಿದ್ದವು.

ನಾನು ಶಿಡ್ಲಘಟ್ಟ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ಗಂಡ ಹೆಂಡತಿ ಇಬ್ಬರೂ ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗಂಡನಿಗೆ 27 ವರ್ಷ, ಪಿಯುಸಿ ಓದಿದ್ದಾನೆ, ಒಂದು ಎಕರೆ ಹಿಪ್ಪುನೇರಳೆ ತೋಟ. ಹೆಂಡತಿಗೆ 22, ಚೊಚ್ಚಲ ಬಸುರಿ. ಅವಳ ತವರು ಬಾಗೇಪಲ್ಲಿ ತಾಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರ. ಎರಡು ಊರಿಗೂ ಸುಮಾರು 60 ಕಿಲೋಮೀಟರ್ ದೂರ.

ಮೊದಲ ಭೇಟಿ

33ನೇ ವಾರದಲ್ಲಿ ಮನೆಗೆ ಹೋದಾಗ ಅವಳ ಮುಖ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.9 ಬಂತು. ಬಸುರಿಗೆ 11 ಇರಬೇಕು. ತಾಯಿ ಕಾರ್ಡ್ ತೆಗೆದು ನೋಡಿದೆ. ರಕ್ತದ ಗುಂಪು ಓ ನೆಗೆಟಿವ್ ಎಂದು ಬರೆದಿತ್ತು. ನೆಗೆಟಿವ್ ಗುಂಪಿನ ಬಸುರಿಯರಿಗೆ 28ನೇ ವಾರದಲ್ಲಿ ಹಾಕುವ ಆಂಟಿ-ಡಿ ಸೂಜಿ ಹಾಕಿಸಿಕೊಂಡಿದ್ದಳು. ಯಾಕೆ ಹಾಕಿದರು ಅಂತ ಅವಳಿಗೆ ಗೊತ್ತಿರಲಿಲ್ಲ.

ಗಂಡ ಹಿತ್ತಲಲ್ಲಿ ಸೊಪ್ಪು ಕತ್ತರಿಸುತ್ತಿದ್ದ. ಕರೆದೆ. ಬಂದು ಬಾಗಿಲ ಹೊರಗೇ ನಿಂತ.

"ಇವರ ರಕ್ತದ ಗುಂಪು ಯಾವುದು ಗೊತ್ತಾ?" ಅಂದೆ.

"ಕಾರ್ಡಲ್ಲಿ ಬರೆದಿರ್ತಾರಲ್ವಾ ಮೇಡಂ."

"ಹೆರಿಗೆ ಎಲ್ಲಿ ಮಾಡಿಸ್ತೀರಿ?"

"ಅದೆಲ್ಲ ನಮ್ಮತ್ತೆ ನೋಡ್ಕೊತಾರೆ. ಇನ್ನು ಮೂರು ದಿನದಲ್ಲಿ ತವರಿಗೆ ಕಳಿಸ್ತಾ ಇದೀವಿ. ಹೆರೋದು ಅವಳು, ನಾನೇನ್ ಮಾಡ್ಲಿ?"

ಇದರಲ್ಲಿ ಉಡಾಫೆ ಇರಲಿಲ್ಲ. ನಿಜವಾಗಿಯೂ ಅವನಿಗೆ ತನ್ನ ಕೆಲಸ ಏನು ಅಂತ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮದುವೆಯಾದಾಗಿನಿಂದ ಆ ಮನೆಗೆ ಎಷ್ಟೋ ಸಲ ಹೋಗಿದ್ದೇನೆ. ಪ್ರತಿ ಸಲವೂ ಹೆಂಗಸರ ಜೊತೆ ಮಾತಾಡಿ, ಮಾತ್ರೆ ಕೊಟ್ಟು, ಕಾರ್ಡ್ ಬರೆದು ಬಂದಿದ್ದೇನೆ. ಗಂಡಸರು ಎದುರಿಗೆ ಸಿಕ್ಕರೆ ನಮಸ್ಕಾರ, ಅಷ್ಟೆ. ನೂರಾರು ಬಸುರಿಯರ ಹೆಸರು ನನ್ನ ಪುಸ್ತಕದಲ್ಲಿದೆ. ಅವರ ಗಂಡಂದಿರ ಹತ್ತಿರ ಕೂತು ಹತ್ತು ನಿಮಿಷ ಮಾತಾಡಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಿದರೆ ಬೇಸರವಾಗುತ್ತದೆ.

ಅವನ ಹುಳುಮನೆ ನೋಡಬೇಕು ಅಂದೆ. ಕರೆದುಕೊಂಡು ಹೋದ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್ ಹರಡಿತ್ತು. ಕೈ ತೊಳೆಯಲು ಬಕೆಟ್ ಇತ್ತು. ನನಗೂ ಕೈ ತೊಳೆಯದೆ ಒಳಗೆ ಬರಬೇಡಿ ಅಂದ. ಗೋಡೆಯ ಮೇಲೆ ಶಾಖ, ತೇವ ನೋಡುವ ಮಾಪಕ. ಒಂದು ನೋಟ್‌ಬುಕ್‌ನಲ್ಲಿ ಯಾವ ಹೊತ್ತಿಗೆ ಸೊಪ್ಪು ಹಾಕಿದ್ದು, ಯಾವತ್ತು ಜ್ವರಕ್ಕೆ ಕೂತಿದ್ದು, ಎಲ್ಲ ಚೆನ್ನಾಗಿ ಬರೆದಿಟ್ಟಿದ್ದ. ಇಷ್ಟು ಶಿಸ್ತು ಇರುವ ಹುಡುಗನನ್ನು ನಾವು ಹೆರಿಗೆಯ ವಿಷಯದಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ್ದೆವಲ್ಲ ಅನಿಸಿತು.

ಅದೇ ನೋಟ್‌ಬುಕ್‌ನ ಹಿಂದಿನ ಪುಟ ತೆಗೆದು "ಇಲ್ಲಿ ಬರೆಯಿರಿ" ಅಂದೆ. ಓ ನೆಗೆಟಿವ್. ಹಿಮೋಗ್ಲೋಬಿನ್ 8.9. ಹೆರಿಗೆಗೆ ಕೊಟ್ಟ ತಾರೀಕು.

ತವರಿಗೆ ಕಳಿಸುವ ಪ್ರಶ್ನೆ

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ನಮ್ಮಲ್ಲಿ ಬಲವಾದ ಪದ್ಧತಿ. ನಾನು ಮೊದಲು ವಿರೋಧಿಸಿದೆ. ಗಂಡನ ಊರಿನಿಂದ ತಾಲೂಕು ಆಸ್ಪತ್ರೆಗೆ ಹತ್ತು ಕಿಲೋಮೀಟರ್. ತವರಿನಿಂದ ಅಲ್ಲಿನ ತಾಲೂಕು ಆಸ್ಪತ್ರೆಗೆ ಮೂವತ್ತರ ಹತ್ತಿರ. ರಕ್ತ ಕಡಿಮೆ, ಮೇಲೆ ನೆಗೆಟಿವ್ ಗುಂಪು. ಇಲ್ಲೇ ಇರಲಿ ಅಂದೆ.

ಹುಡುಗಿ ತಾನೇ ಬಾಯಿ ಬಿಟ್ಟಳು. "ಇಲ್ಲಿದ್ರೆ ಸೊಪ್ಪು ಕುಯ್ಯೋದು ತಪ್ಪಲ್ಲ ಮೇಡಂ. ಯಾರೂ ಮಾಡು ಅನ್ನಲ್ಲ. ಆದ್ರೆ ಎಲ್ಲಾರೂ ಮಾಡ್ತಿರ್ವಾಗ ನಾನೊಬ್ಳೇ ಹೆಂಗೆ ಕೂತಿರ್ಲಿ?"

ಅವಳ ಮಾತು ಸರಿಯಾಗಿತ್ತು. ಬೆಳೆ ಮುಗಿದ ಮೇಲೆ ಹುಳುಮನೆಗೆ ಔಷಧಿ ಹೊಡೆಯುತ್ತಾರೆ. ಬಸುರಿ ಆ ಗಾಳಿ ಕುಡಿಯಬಾರದು. ತವರಲ್ಲಿ ಅಮ್ಮನ ಕೈ ಅಡುಗೆ, ನಿದ್ದೆ, ಧೈರ್ಯ ಸಿಗುತ್ತದೆ. ಪದ್ಧತಿ ತಪ್ಪಲ್ಲ. ತೊಂದರೆ ಬೇರೆ ಕಡೆ ಇದೆ. ಅವಳು ತವರಿಗೆ ಹೋದ ಕೂಡಲೇ ನನ್ನ ಪುಸ್ತಕದಿಂದ ಹೊರಗೆ ಹೋಗುತ್ತಾಳೆ. ಅಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಗೆ ಸೇರುವ ಹೊತ್ತಿಗೆ ಎರಡು ಮೂರು ವಾರ ಕಳೆದಿರುತ್ತದೆ. ಎಂಟು ತಿಂಗಳು ನೋಡಿದವರು ಇಲ್ಲಿ, ಹೆರಿಗೆ ಮಾಡಿಸುವವರು ಅಲ್ಲಿ. ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದ ವಾರಗಳಲ್ಲೇ ಅವಳ ಬಗ್ಗೆ ಪೂರ್ತಿ ತಿಳಿದವರು ಯಾರೂ ಹತ್ತಿರ ಇರುವುದಿಲ್ಲ. ಎರಡೂ ಊರಿಗೆ ಸೇರಿದವನು ಒಬ್ಬನೇ, ಗಂಡ. ಅವನಿಗೆ ಗೊತ್ತಿದ್ದರೆ ಎರಡೂ ಕಡೆಗೆ ಗೊತ್ತಾಗುತ್ತದೆ.

ಕೊನೆಗೆ ಹೀಗೆ ಒಪ್ಪಿಕೊಂಡೆವು. ಇನ್ನು ಮೂರು ದಿನದಲ್ಲೇ ಕಳಿಸುವುದು ಬೇಡ, 36 ವಾರ ತುಂಬಲಿ. ಅಷ್ಟರಲ್ಲಿ ಡಾಕ್ಟರ್ ಹೇಳಿದ ಹಾಗೆ ತಾಲೂಕು ಆಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಕಬ್ಬಿಣದ ಡ್ರಿಪ್ ಹಾಕಿಸಬೇಕು. ಪ್ರತಿ ಸಲವೂ ಗಂಡನೇ ಕರೆದುಕೊಂಡು ಹೋಗಬೇಕು.

ಹೋದ. ಎರಡನೇ ಸಲ ಹೋದಾಗ ಅಲ್ಲಿನ ಸಿಸ್ಟರ್ ಕೇಳಿದ ಪ್ರಶ್ನೆಯಿಂದ ಒಂದು ವಿಷಯ ಹೊರಬಿತ್ತು. ಹುಡುಗಿ ಇಷ್ಟು ದಿನವೂ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಿ ಮೇಲೆ ಟೀ ಕುಡಿಯುತ್ತಿದ್ದಳು. ಕ್ಯಾಲ್ಸಿಯಂ, ಹಾಲು, ಟೀ, ಕಾಫಿ ಯಾವುದು ಜೊತೆಗಿದ್ದರೂ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಡುವೆ ಎರಡು ಗಂಟೆಯಾದರೂ ಬಿಡಬೇಕು. ನಿಂಬೆಹಣ್ಣು, ಸೀಬೆಕಾಯಿ, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಗಂಡ ನೋಟ್‌ಬುಕ್‌ನಲ್ಲಿ ಬರೆದುಕೊಂಡ: ಬೆಳಗ್ಗೆ ಕ್ಯಾಲ್ಸಿಯಂ, ರಾತ್ರಿ ಮುದ್ದೆ ಉಂಡು ಒಂದು ಗಂಟೆ ಬಿಟ್ಟು ಕಬ್ಬಿಣ, ನಿಂಬೆ ನೀರು. ಮಲ ಕಪ್ಪಗಾದರೆ ಹೆದರಬೇಡ ಅಂತ ಅವಳಿಗೂ ಹೇಳಿದ. ಅದಕ್ಕೇ ಹೆದರಿ ಅವಳು ನಡುವೆ ಹತ್ತು ದಿನ ಮಾತ್ರೆ ಬಿಟ್ಟಿದ್ದಳಂತೆ! ನನಗೆ ಹೇಳದ್ದನ್ನು ಗಂಡನಿಗೆ ಹೇಳಿದಳು.

ಗೂಡಿನ ಚೀಟಿಯ ಹಿಂದೆ ಹಾಕಿದ ಲೆಕ್ಕ

ಮುಂದಿನ ಬೆಳೆಗೆ ಅವನು ಚಾಕಿ ಕೇಂದ್ರದಲ್ಲಿ, ಅಂದರೆ ಎಳೆ ಹುಳು ಸಾಕಿ ಕೊಡುವ ಕಡೆ, 150 ಮೊಟ್ಟೆಯ ಹುಳು ಹೇಳಿಯಾಗಿತ್ತು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ಒಂದು ಮೊಟ್ಟೆ ಅಂತ ಲೆಕ್ಕ. ಯಾವತ್ತು ಬರುತ್ತೆ ಅಂತ ಕೇಳಿದೆ. ಜೇಬಿನಿಂದ ರೇಷ್ಮೆ ಗೂಡು ಮಾರುಕಟ್ಟೆಯ ಹಳೇ ಚೀಟಿ ತೆಗೆದು ಅದರ ಹಿಂದೆ ಇಬ್ಬರೂ ಲೆಕ್ಕ ಹಾಕಿದೆವು.

ಚಾಕಿ ಹುಳು ಎರಡನೇ ಜ್ವರದಿಂದ ಎದ್ದ ಮೇಲೆ ರೈತನ ಮನೆಗೆ ಬರುತ್ತದೆ. ಅದು ಬರುವ ದಿನ ಹೆಂಡತಿಗೆ ಸರಿಯಾಗಿ 37 ವಾರ. ಅಲ್ಲಿಂದ ಎಂಟೊಂಬತ್ತು ದಿನಕ್ಕೆ ನಾಲ್ಕನೇ ಜ್ವರ. ಆಮೇಲೆ ಏಳೆಂಟು ದಿನ ಹಗಲು ರಾತ್ರಿ ಸೊಪ್ಪು. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾದ ಮೇಲೆ ಚಂದ್ರಂಕಿ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕುವಷ್ಟರಲ್ಲಿ 40 ವಾರ ದಾಟಿರುತ್ತದೆ.

"ಡೇಟ್ ಕೊಟ್ಟಿರೋದು ಆಮೇಲೆ ತಾನೇ ಮೇಡಂ? ಬೆಳೆ ಹೆಚ್ಚು ಕಡಿಮೆ ಮುಗಿದಿರುತ್ತೆ" ಅಂದ.

ಎಲ್ಲ ಗಂಡಸರೂ ಇಲ್ಲೇ ಎಡವುವುದು. ಆ ತಾರೀಕು ಬರೀ ಅಂದಾಜು. ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೆ. 37 ತುಂಬಿದ ಮೇಲೆ ಯಾವ ರಾತ್ರಿ ಬೇಕಾದರೂ ಆಗಬಹುದು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡುತ್ತಾ ಕೂತ.

ಬೆಳೆ ಬಿಡು ಅಂತ ನಾನು ಹೇಳಲಿಲ್ಲ. ಹೇಳುವುದು ಸುಲಭ. ತೋಟದಲ್ಲಿ ಸೊಪ್ಪು ಕಟಾವಿಗೆ ಬಂದಿತ್ತು. ಬಲಿತುಹೋದರೆ ಹುಳು ತಿನ್ನುವುದಿಲ್ಲ. ಬಾವಿಗೆ ಮೋಟರ್ ಹಾಕಿಸಿದ ಸಾಲ ಇತ್ತು. ಹೆರಿಗೆ ಬಾಣಂತನಕ್ಕೆ ದುಡ್ಡು ಬರಬೇಕಾದದ್ದೂ ಅದೇ ಬೆಳೆಯಿಂದ. ಹೆರಿಗೆ ಹತ್ತಿರ ಬಂದಾಗ ಗಂಡಸು ಕೆಲಸ ಬಿಟ್ಟು ಬರಬೇಕು ಅಂತ ಬರೆಯುವವರು ತಿಂಗಳ ಸಂಬಳದವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಾರೆ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಹುಳು ಸಾಕುವವನಿಗೆ ಯಾರು ರಜೆ ಕೊಡುತ್ತಾರೆ?

ಎರಡು ದಿನ ಯೋಚನೆ ಮಾಡಿ ಅವನೇ ದಾರಿ ಹುಡುಕಿದ. 150 ಬದಲು 75 ಮೊಟ್ಟೆ. ಉಳಿದ ಅರ್ಧ ತೋಟದ ಸೊಪ್ಪನ್ನು ಪಕ್ಕದವರಿಗೆ ಮಾರುವುದು. ಅವನ ತಮ್ಮ ಹೇಗೂ ಮನೆಯಲ್ಲೇ ಇದ್ದ. ಜೊತೆಗೆ ಪಕ್ಕದ ತೋಟದವರ ಹತ್ತಿರ ಮುಯ್ಯಾಳು ಮಾತಾಡಿದ. ಈಗ ನೀವು ಬನ್ನಿ, ನಿಮ್ಮ ಹುಳು ಹಣ್ಣಾದಾಗ ನಾನು ಬರುತ್ತೇನೆ ಅಂತ. ಬಿತ್ತನೆಗೆ, ಕಟಾವಿಗೆ ಮುಯ್ಯಾಳು ಮಾಡುವುದು ನಮ್ಮ ಕಡೆ ಹಳೆಯದು. ಹೆಂಡತಿಯ ಹೆರಿಗೆಗೆ ಅಂತ ಒಬ್ಬ ಗಂಡಸು ಮುಯ್ಯಾಳು ಕೇಳಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಕೇಳಲು ನಾಚಿಕೆ ಆಯಿತು ಅಂದ. ಆದರೂ ಕೇಳಿದ.

ರಕ್ತ

ಓ ನೆಗೆಟಿವ್ ರಕ್ತ ಸಿಗುವುದು ಕಷ್ಟ. ಆ ಗುಂಪಿನವರಿಗೆ ಓ ನೆಗೆಟಿವ್ ಬಿಟ್ಟು ಬೇರೆ ರಕ್ತ ಕೊಡುವ ಹಾಗಿಲ್ಲ. ಹೆರಿಗೆಯಲ್ಲಿ ಎಲ್ಲರಿಗೂ ರಕ್ತ ಬೇಕಾಗುವುದಿಲ್ಲ. ಆದರೆ ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಸ್ವಲ್ಪ ಜಾಸ್ತಿ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಗಂಡನದು ಬಿ ಪಾಸಿಟಿವ್. ಅವನ ರಕ್ತ ಅವಳಿಗೆ ಆಗುವುದಿಲ್ಲ ಅಂದಾಗ ಅವನ ಮುಖ ಸಪ್ಪಗಾಯಿತು.

ಹಾಲಿನ ಡೇರಿಯಲ್ಲಿ ಕೇಳಿದ. ಊರಿನ ಯುವಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದ. ಒಂದು ವಾರದಲ್ಲಿ ಇಬ್ಬರು ಸಿಕ್ಕರು. ನಾನು ಇನ್ನೊಂದು ಪ್ರಶ್ನೆ ಕೇಳಿಸಿದೆ: ಕೊನೆಯ ಸಲ ರಕ್ತ ಕೊಟ್ಟಿದ್ದು ಯಾವಾಗ? ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು ಕೊಡುವ ಹಾಗಿಲ್ಲ. ಒಬ್ಬರು ಒಂದೂವರೆ ತಿಂಗಳ ಹಿಂದೆ ತಾನೇ ಕೊಟ್ಟಿದ್ದರು. ಅಂದರೆ ಇದ್ದದ್ದು ಒಬ್ಬರೇ. ಮತ್ತೆ ಹುಡುಕಿದ. ಚಿಂತಾಮಣಿಯಲ್ಲಿ ಇನ್ನೊಬ್ಬರು ಸಿಕ್ಕರು.

ಇನ್ನೊಂದು ವಿಷಯ ತುಂಬ ಜನಕ್ಕೆ ತಿಳಿದಿಲ್ಲ. ದಾನಿ ಬಂದು ರಕ್ತ ಕೊಟ್ಟ ಕೂಡಲೇ ಅದನ್ನು ರೋಗಿಗೆ ಹಾಕುವುದಿಲ್ಲ. ಎಚ್‌ಐವಿ, ಕಾಮಾಲೆ, ಮಲೇರಿಯಾ ಇತ್ಯಾದಿ ಪರೀಕ್ಷೆ ಮಾಡಬೇಕು, ಹೊಂದಾಣಿಕೆ ನೋಡಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ರಕ್ತ ಹೋಗಲು ಶುರುವಾದ ಮೇಲೆ ದಾನಿಗೆ ಫೋನ್ ಮಾಡಿದರೆ ಕಾಲ ಮೀರಿರುತ್ತದೆ. ಆಸ್ಪತ್ರೆಗೆ ಸೇರಿಸಿದ ಕೂಡಲೇ ಕರೆಯಬೇಕು. ಇದನ್ನು ನೋಟ್‌ಬುಕ್‌ನಲ್ಲಿ ಎರಡು ಗೆರೆ ಎಳೆದು ಬರೆಸಿದೆ.

ಅತ್ತೆಯ ಮನೆಯಲ್ಲಿ ಒಂದು ಮಧ್ಯಾಹ್ನ

36 ವಾರ ತುಂಬಿದ ಮೇಲೆ ಅವಳನ್ನು ಬಿಡಲು ಗಂಡ ತಾನೇ ಹೋದ. ಬಿಟ್ಟು ವಾಪಸ್ ಬರುವುದು ರೂಢಿ. ಅವನು ಒಂದು ರಾತ್ರಿ ಉಳಿದ. ಆ ಊರಿನ ಆಶಾ ಕಾರ್ಯಕರ್ತೆಯ ಮನೆ ಹುಡುಕಿಕೊಂಡು ಹೋಗಿ ತಾಯಿ ಕಾರ್ಡ್ ತೋರಿಸಿ, ನನಗೆ ಫೋನ್ ಮಾಡಿ ಆಕೆಯ ಕೈಗೆ ಕೊಟ್ಟ. ನಾವಿಬ್ಬರೂ ಹತ್ತು ನಿಮಿಷ ಮಾತಾಡಿದೆವು. ಮೂರು ವಾರ ಹಿಡಿಯುವ ಕೆಲಸ ಅವತ್ತೇ ಮುಗಿಯಿತು.

ಆಕೆ ಹೇಳಿದ ಒಂದು ಮಾತು ನನಗೆ ಹೊಸದು. ಗಡಿಯ ಆ ಊರಿನಲ್ಲಿ ಕೆಲವು ಸಲ ಫೋನಿಗೆ ಆಂಧ್ರದ ಟವರ್ ಸಿಗುತ್ತದೆ. 108ಕ್ಕೆ ಫೋನ್ ಮಾಡಿದರೆ ಅಲ್ಲಿನ ಕೇಂದ್ರಕ್ಕೆ ಹೋಗಿ, ತೆಲುಗಿನಲ್ಲಿ ಯಾವ ಜಿಲ್ಲೆ ಅಂತ ಕೇಳುತ್ತಾರೆ. ಇಲ್ಲಿಗೆ ಗಾಡಿ ಕಳಿಸುವಷ್ಟರಲ್ಲಿ ಹೊತ್ತು ಹೋಗುತ್ತದೆ. ಅದಕ್ಕೇ ಊರಿನಲ್ಲೇ ಒಂದು ಗಾಡಿ ಮಾತಾಡಿಟ್ಟುಕೊಳ್ಳಿ ಅಂದರು. ಗಂಡ ಓಮ್ನಿ ಇದ್ದವರ ಹತ್ತಿರ ಮಾತಾಡಿದ. ಒಂದೇ ಸಾಲದು ಅಂತ ಟೊಮೆಟೊ ಸಾಗಿಸುವ ಟಾಟಾ ಏಸ್‌ನವರ ನಂಬರನ್ನೂ ಬರೆದುಕೊಂಡ.

ಜೇನುತುಪ್ಪದ ಮಾತೂ ಅವತ್ತೇ ಆಯಿತು. ಮಗು ಹುಟ್ಟಿದ ಕೂಡಲೇ ಜೇನು ನೆಕ್ಕಿಸುವುದು ಆ ಮನೆಯ ವಾಡಿಕೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು. ಅದರಲ್ಲಿರಬಹುದಾದ ಒಂದು ರೋಗಾಣು ಎಳೆ ಮಗುವಿನ ನರಗಳಿಗೆ ವಿಷವಾಗುತ್ತದೆ. ಮೊದಲ ಗಂಟೆಯಲ್ಲೇ ತಾಯಿಯ ಹಳದಿ ಹಾಲು ಕೊಡಬೇಕು. ಅಳಿಯ ಇದನ್ನು ಅತ್ತೆಗೆ ಹೇಳುವುದು ಹೇಗೆ? ಅವನು ಆಜ್ಞೆ ಮಾಡಲಿಲ್ಲ. "ಅತ್ತೆ, ನೀವು ಮೂರು ಮಕ್ಕಳನ್ನ ಹೆತ್ತು ಸಾಕಿದೋರು, ನಂಗೇನೂ ಗೊತ್ತಿಲ್ಲ. ನರ್ಸಮ್ಮ ಇದೊಂದು ಮಾತ್ರ ಬೇಡ ಅಂತ ಕೈ ಮುಗಿದು ಹೇಳವ್ರೆ" ಅಂದನಂತೆ. ಆ ಹಿರಿಯರು ಒಪ್ಪಿದರು. ಜೇನಿನ ಬಟ್ಟಲನ್ನು ದೇವರ ಮುಂದೆ ಇಡುತ್ತೇನೆ, ಮಗುವಿನ ಬಾಯಿಗೆ ಬೇಡ ಅಂದರು.

ಅವತ್ತಿನಿಂದ ರಾತ್ರಿಯ ಫೋನ್ ಬದಲಾಯಿತು. ಮೊದಲು "ಊಟ ಆಯ್ತಾ, ಮಲ್ಕೋ" ಅಷ್ಟೇ ಇತ್ತು. ಈಗ "ಮಗು ಎಷ್ಟು ಸಲ ಒದೀತು?" ಅಂತ ಕೇಳುತ್ತಿದ್ದ. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಬೇಕು. ಎರಡು ಗಂಟೆಯೊಳಗೆ ಹತ್ತು ಸಲ ಆಡಬೇಕು. ಆಡದಿದ್ದರೆ ಬೆಳಗಾಗಲಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ತಲೆನೋವು, ಕಣ್ಣು ಮಂಜು, ಮುಖ ಊದುವುದು, ರಕ್ತ ಕಾಣುವುದು, ಇವಕ್ಕೂ ಅದೇ ಮಾತು. 37ನೇ ವಾರದಲ್ಲಿ ಒಂದು ಸಂಜೆ ಹೊಟ್ಟೆ ಬಿಗಿಯಾಗುತ್ತಿದೆ ಅಂದಳು. ಗಂಡ ಫೋನ್ ಇಡಲಿಲ್ಲ, ಗಡಿಯಾರ ನೋಡಿ ಬರೆದ. ಹನ್ನೆರಡು ನಿಮಿಷ, ಇಪ್ಪತ್ತು, ಏಳು, ಹದಿನೆಂಟು. ಎದ್ದು ಓಡಾಡು ಅಂದ. ಕಡಿಮೆಯಾಯಿತು. ಅದು ಸುಳ್ಳು ನೋವು. ನಿಜವಾದ ನೋವು ಓಡಾಡಿದರೆ ನಿಲ್ಲುವುದಿಲ್ಲ, ನಡುವಿನ ಹೊತ್ತು ಕಡಿಮೆಯಾಗುತ್ತಾ ಹೋಗುತ್ತದೆ, ನೋವು ಜಾಸ್ತಿಯಾಗುತ್ತದೆ.

ನನ್ನ ತಪ್ಪನ್ನು ಇಲ್ಲಿ ಬರೆಯಬೇಕು. ಆಸ್ಪತ್ರೆ ದೂರ ಅಂತ, ಕೊನೆಯ ದಿನಗಳಲ್ಲಿ ಅವಳು ಚಿಕ್ಕಬಳ್ಳಾಪುರದ ಚಿಕ್ಕಮ್ಮನ ಮನೆಯಲ್ಲಿ ಇರಲಿ ಅಂತ ನಾನೇ ಸೂಚಿಸಿದ್ದೆ. ಎಲ್ಲರೂ ಒಪ್ಪಿದ್ದರು. ಯಾವಾಗ ಹೋಗಬೇಕು ಅಂದಾಗ 39ನೇ ವಾರ ಅಂದೆ. ಆ ತಾರೀಕು ಬರೀ ಅಂದಾಜು ಅಂತ ಗಂಡನಿಗೆ ಪಾಠ ಹೇಳಿದ ನಾನೇ ಅದನ್ನು ನಂಬಿ ದಿನ ಇಟ್ಟೆ. 37 ಅನ್ನಬೇಕಿತ್ತು.

ಆ ರಾತ್ರಿ

38 ವಾರ ಎರಡು ದಿನ. ರಾತ್ರಿ 1.40. ಅವಳಿಗೆ ಎಚ್ಚರವಾದಾಗ ಹಾಸಿಗೆ ಒದ್ದೆಯಾಗಿತ್ತು. ನೋವಿರಲಿಲ್ಲ. ನೋವೇ ಇಲ್ಲವಲ್ಲ, ಬೆಳಗ್ಗೆ ಹೋದರಾಯಿತು ಅಂದರು ಅಮ್ಮ. ಚಳಿ, ಮಳೆ ಹನಿಯುತ್ತಿತ್ತು. ಅವರು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ. ಅವಳು ಗಂಡನಿಗೆ ಫೋನ್ ಮಾಡಿದಳು.

ಆ ರಾತ್ರಿ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಸೊಪ್ಪು ಹಾಕುವ ಕೆಲಸವಿರಲಿಲ್ಲ. ಅಪರೂಪಕ್ಕೆ ಅಣ್ಣ ತಮ್ಮ ಇಬ್ಬರೂ ಮಲಗಿದ್ದರು.

"ನೀರಿನ ಬಣ್ಣ ಏನು?" ಇದು ಅವನ ಮೊದಲ ಪ್ರಶ್ನೆ. ಹಸಿರಾಗಿದ್ದರೆ ಮಗು ಹೊಟ್ಟೆಯೊಳಗೇ ಮಲ ಮಾಡಿದೆ, ಕಷ್ಟದಲ್ಲಿದೆ ಅಂತ. ತಿಳಿಯಾಗಿದೆ ಅಂದಳು. "ಮಗು ಆಡ್ತಿದ್ಯಾ?" ಆಡ್ತಿದೆ. ಆಮೇಲೆ ಅತ್ತೆಗೆ ಫೋನ್ ಕೊಡು ಅಂದ. "ಅತ್ತೆ, ನೀರು ಒಡೆದ್ರೆ ನೋವಿಲ್ದಿದ್ರೂ ಹೊರಡ್ಬೇಕು. ಹೊತ್ತು ಕಳೆದಷ್ಟೂ ಮಗೂಗೆ ನಂಜಾಗುತ್ತೆ. ಚೀಲ ಬಾಗಿಲ ಹಿಂದೆ ಇದೆ, ಕಾರ್ಡ್ ಅದ್ರಲ್ಲೇ ಇದೆ." ಆ ಅಮ್ಮ ಆಮೇಲೆ ನನಗೆ ಹೇಳಿದ್ದು, ಅಳಿಯನ ದನಿಯಲ್ಲಿ ಗಾಬರಿ ಇರಲಿಲ್ಲ, ಅದಕ್ಕೇ ಎದ್ದೆ ಅಂತ.

108ಕ್ಕೆ ಮಾಡಿದರು. ಹೇಳಿದ ಹಾಗೇ ಕರೆ ಆಂಧ್ರಕ್ಕೆ ಹೋಯಿತು. ಓಮ್ನಿಯವರ ಫೋನ್ ಸ್ವಿಚ್ ಆಫ್. ಟಾಟಾ ಏಸ್‌ನವರು ಎರಡನೇ ರಿಂಗಿಗೇ ಎತ್ತಿದರು. 2.25ಕ್ಕೆ ಹೊರಟು 3.20ಕ್ಕೆ ತಾಲೂಕು ಆಸ್ಪತ್ರೆ. ಆಶಾ ಕಾರ್ಯಕರ್ತೆ ಜೊತೆಗೇ ಹೋಗಿದ್ದರು. ಮಗುವಿನ ಎದೆಬಡಿತ ಚೆನ್ನಾಗಿತ್ತು. ರಕ್ತ ಕಡಿಮೆ, ನೆಗೆಟಿವ್ ಗುಂಪು, ನೋವು ಶುರುವಾಗಿಲ್ಲ. ಹಾಗಾಗಿ ಡಾಕ್ಟರ್ ಆಂಬುಲೆನ್ಸ್ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಗಂಡ ಒಬ್ಬನೇ ಬೈಕ್ ಓಡಿಸಬಾರದು ಅಂತ ಮೊದಲೇ ಮಾತಾಗಿತ್ತು. ಮಳೆ, ನಿದ್ದೆಗಣ್ಣು, ಆತಂಕ ಮೂರೂ ಸೇರಿದರೆ ಹೆದ್ದಾರಿಯಲ್ಲಿ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಹುಳು ಜ್ವರದಲ್ಲಿದ್ದದ್ದರಿಂದ ತಮ್ಮ ಬೈಕ್ ಓಡಿಸಿದ. ಬಾಗೇಪಲ್ಲಿವರೆಗೂ ಹೋಗಲಿಲ್ಲ. ಆಂಬುಲೆನ್ಸ್ ಬರುವ ದಾರಿಯಲ್ಲೇ ಇರುವ ಪೇರೇಸಂದ್ರದಲ್ಲಿ ಹೆದ್ದಾರಿ ಪಕ್ಕ ನಿಂತು ಫೋನಿಗೆ ಕಾದರು. ಆಂಬುಲೆನ್ಸ್ ಬಂದ ಮೇಲೆ ಗಂಡ ಅದಕ್ಕೆ ಹತ್ತಿದ, ತಮ್ಮ ವಾಪಸ್ ಹೋದ. ಬೆಳಗ್ಗೆ ಹುಳು ಏಳುವ ಹೊತ್ತಿಗೆ ಅವನು ಮನೆಯಲ್ಲಿರಬೇಕಿತ್ತು.

ಒಳಗೆ ಸೇರಿಸಿದ ಕೂಡಲೇ, ಬೆಳಗ್ಗೆ ಆರೂವರೆಗೆ, ಮೊದಲ ದಾನಿಗೆ ಫೋನ್ ಮಾಡಿದ. ಹನ್ನೊಂದಕ್ಕೆಲ್ಲ ಅವರು ರಕ್ತ ಕೊಟ್ಟು ಹೋಗಿದ್ದರು. ನೋವು ಬರಲು ಔಷಧಿ ಕೊಟ್ಟರು. ಹೆರಿಗೆ ಕೋಣೆಗೆ ಗಂಡನನ್ನು ಬಿಡಲಿಲ್ಲ, ಅತ್ತೆಯನ್ನು ಬಿಟ್ಟರು. ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಆ ಹದಿಮೂರು ಗಂಟೆಯ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ. ಅತ್ತೆಗೆ ಟೀ ತಂದುಕೊಟ್ಟೆ, ಮಾವನಿಗೆ ಗಂಟೆಗೊಂದು ಸಲ ಫೋನ್ ಮಾಡಿದೆ, ಕೂಗು ಕೇಳಿದಾಗ ಎದ್ದು ಹೊರಗೆ ಹೋಗಿ ಮಳೆಯಲ್ಲಿ ನಿಂತೆ ಅಂದ. ಅವನ ಅಕ್ಕ ಹೆರಿಗೆಯಲ್ಲಿ ತೀರಿಹೋಗಿದ್ದರು, ಅವನಿಗೆ ಆಗ ಹತ್ತು ವರ್ಷ. ಇದನ್ನು ಅವನು ನನಗೆ ಹೇಳಿದ್ದು ಮಗು ಹುಟ್ಟಿ ಒಂದು ತಿಂಗಳಾದ ಮೇಲೆ. ಬಾಗಿಲ ಹೊರಗೆ ನಿಂತು "ನಾನೇನ್ ಮಾಡ್ಲಿ" ಅಂದಿದ್ದು ನನಗೆ ಆಗ ಅರ್ಥವಾಯಿತು. ಮೊದಲ ದಿನವೇ ಕೇಳಬೇಕಿತ್ತು.

ರಾತ್ರಿ 7.50ಕ್ಕೆ ಹೆಣ್ಣು ಮಗು, 2 ಕಿಲೋ 650 ಗ್ರಾಂ, ಸಹಜ ಹೆರಿಗೆ. ರಕ್ತ ಸ್ವಲ್ಪ ಜಾಸ್ತಿ ಹೋಯಿತು. ಡಾಕ್ಟರ್ ಕೇಳಿದಾಗ ಒಂದು ಬಾಟಲಿ ಸಿದ್ಧವಿತ್ತು. ಕೊನೆಗೆ ಹಾಕುವ ಅಗತ್ಯ ಬರಲಿಲ್ಲ. ಅರ್ಧ ಗಂಟೆಯಲ್ಲಿ ಮಗು ಎದೆ ಹಾಲು ಕುಡಿಯಿತು.

72 ಗಂಟೆ

ಮಗುವಿನ ರಕ್ತ ಪಾಸಿಟಿವ್ ಬಂತು. ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದಾಗ ಹೆರಿಗೆಯಲ್ಲಿ ಮಗುವಿನ ರಕ್ತ ತಾಯಿಗೆ ಸೇರಿದರೆ ಅವಳ ಮೈ ಅದರ ವಿರುದ್ಧ ತಿರುಗುತ್ತದೆ. ಈ ಮಗುವಿಗೆ ಏನೂ ಆಗುವುದಿಲ್ಲ, ಮುಂದಿನ ಬಸುರಿಗೆ ಅಪಾಯ. ಅದನ್ನು ತಡೆಯಲು 72 ಗಂಟೆಯೊಳಗೆ ಮತ್ತೆ ಆಂಟಿ-ಡಿ ಕೊಡಬೇಕು.

ಸೂಜಿಮದ್ದು ಅವತ್ತು ದಾಸ್ತಾನಿರಲಿಲ್ಲ. ತರಿಸುತ್ತೇವೆ ಅಂದರು. ಪಾಳಿ ಬದಲಾಯಿತು, ಹೊಸದಾಗಿ ಬಂದವರಿಗೆ ವಿಷಯ ದಾಟಿರಲಿಲ್ಲ. ಗಂಡ ಪ್ರತಿ ಪಾಳಿಯಲ್ಲೂ ಹೋಗಿ ಕೇಳಿದ. ಜಗಳ ಆಡಲಿಲ್ಲ. ನೋಟ್‌ಬುಕ್ ತೋರಿಸಿ "ನಿನ್ನೆ ರಾತ್ರಿ 7.50ಕ್ಕೆ ಹುಟ್ಟಿದ್ದು ಸಿಸ್ಟರ್, ಇಷ್ಟು ಗಂಟೆ ಆಗಿದೆ" ಅಂದ. ನಾಲ್ಕನೇ ಸಲ ಕೇಳಿದಾಗ ಆ ಸಿಸ್ಟರ್ ತಾವೇ ಓಡಾಡಿ ತರಿಸಿದರು. 41ನೇ ಗಂಟೆಗೆ ಹಾಕಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಹೆರಿಗೆ, ಔಷಧಿ, ರಕ್ತ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ, ಇದು 2011ರಿಂದ ಇದೆ. ಆದರೆ ಉಚಿತ ಇದೆ ಅಂದ ಮಾತ್ರಕ್ಕೆ ಅದು ತಾನಾಗಿ ಹಾಸಿಗೆ ಹತ್ತಿರ ಬರುವುದಿಲ್ಲ. ನೋವಿನಲ್ಲಿ ಮಲಗಿದ ಹೆಂಗಸು ಎದ್ದು ಹೋಗಿ ಕೇಳಲಾರಳು.

ಮಗುವಿಗೆ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಮೊದಲ ದಿನವೇ ಆದವು. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಅದೂ ಆಸ್ಪತ್ರೆಯಲ್ಲೇ ಆಯಿತು.

ಆಮೇಲೆ

ಬೆಳೆಯಲ್ಲಿ ನಷ್ಟವಾಯಿತು. ನಾಲ್ಕನೇ ಜ್ವರ ಎದ್ದ ಮಾರನೇ ದಿನ ಮಳೆ ಜೋರಾಗಿ, ತಮ್ಮ ಒದ್ದೆ ಸೊಪ್ಪನ್ನು ಆರಿಸದೆ ಹಾಕಿದ್ದ. ಒಂದಷ್ಟು ಹುಳು ಸಪ್ಪೆ ರೋಗಕ್ಕೆ ಹೋದವು. ಐವತ್ತು ಕಿಲೋ ಗೂಡು ನಿರೀಕ್ಷೆ ಇತ್ತು, 41 ಸಿಕ್ಕಿತು. ಮುಯ್ಯಾಳಿಗೆ ಬಂದವರು ಎರಡು ದಿನ ಜಾಸ್ತಿಯೇ ಬಂದರು.

ಮಗುವಿಗೆ ಐದು ವಾರವಾದಾಗ ಅವನು ಉಪಕೇಂದ್ರಕ್ಕೆ ಬಂದ. ಹೆರಿಗೆಯಾದ ಮೇಲೂ ಆರು ತಿಂಗಳು ಕಬ್ಬಿಣದ ಮಾತ್ರೆ ಬೇಕು, ಅದನ್ನು ಒಯ್ಯಲು. ನೋಟ್‌ಬುಕ್ ಅದೇ. ಹಿಂದಿನ ಪುಟಗಳು ತುಂಬಿ ಈಗ ಮುಂದಿನ ಪುಟಗಳ ಹುಳುವಿನ ಲೆಕ್ಕವನ್ನು ಮುಟ್ಟುತ್ತಿದ್ದವು.

"ಚಾಕಿ ಕೇಂದ್ರದೋರು ಮುಂದಿನ ವಾರ ಹುಳು ಕೊಡ್ತೀವಿ ಅಂತವ್ರೆ ಮೇಡಂ" ಅಂದ. "ಒಂದೂವರೆ ತಿಂಗಳ ಲಸಿಕೆ ಯಾವತ್ತು ಬರುತ್ತೆ?"

ಕ್ಯಾಲೆಂಡರ್ ನೋಡಿ ಬರುವ ಗುರುವಾರ ಅಂದೆ. ಸೂಜಿ ಹಾಕಿದ ರಾತ್ರಿ ಮಗುವಿಗೆ ಜ್ವರ ಬರಬಹುದು, ಅಳಬಹುದು ಅಂತಲೂ ಹೇಳಿದೆ. ಅವನು ಬೆರಳು ಮಡಚಿ ಎಣಿಸಿದ. ಅಲ್ಲೇ ನಿಂತು ಚಾಕಿ ಕೇಂದ್ರಕ್ಕೆ ಫೋನ್ ಮಾಡಿ, ಹುಳು ನಾಲ್ಕು ದಿನ ತಡವಾಗಿ ಕೊಡಿ ಅಂದ.